ಎಲ್ಲರೆದುರು ಕೇಳಿದ ಕ್ಷಮೆ

ಊರಿನ ಕೆಲಸವನ್ನು ಊರಿನವರೇ ಕೂಡಿ ಮಾಡಿಕೊಳ್ಳುವುದು ನಮ್ಮ ನಾರಿನ್ ಎಂಬ ಬೆಟ್ಟಸೀಮೆಯ ಹಳೆಯ ರೂಢಿ. ಆ ರೂಢಿಯನ್ನು ಕಾಲೇಜಿನ ಪಾಠವಾಗಿಸಿ, ಸಮುದಾಯ ನಾಯಕತ್ವ ಮತ್ತು ಜನಸಂಘಟನೆ ಎಂಬ ವಿಷಯಕ್ಕೆ ಒಂದು ಕೊಠಡಿಯನ್ನೂ ಒಂದು ಗೌರವವನ್ನೂ ದೊರಕಿಸಿಕೊಟ್ಟವರು ಶ್ರೀಮತಿ ಬುರುಲ್ ಸಾತಿಬಾಲ್ದಿಯೆವಾ ಅವರು. ಶಿಷ್ಯರಾದ ನಮಗೆ ಅವರು ಬುರುಲಕ್ಕ. ಮನೆಯವರು ಮದುವೆ ಗೊತ್ತುಮಾಡಿ ನನ್ನ ಓದು ಬಿಡಿಸಹೊರಟಾಗ, ಹಿಮದಲ್ಲಿ ನಮ್ಮ ಮನೆಗೆ ಬಂದು, ಅಪ್ಪನೊಂದಿಗೆ ಸಂಜೆಯವರೆಗೆ ಕುರಿಗಳ ವಿಚಾರವನ್ನೇ ಮಾತಾಡಿ, ಹೊರಡುವಾಗ ನನ್ನನ್ನೂ ಕರೆದೊಯ್ದವರು ಅವರು.

ಇಂಥವರ ಸನ್ಮಾನ ಸಂಪುಟದಲ್ಲಿ ನಾಚಿಕೆಯ ಪ್ರಸಂಗವೊಂದನ್ನು ಬರೆಯುತ್ತಿದ್ದೇನೆ. ಅದನ್ನು ಬಿಟ್ಟರೆ ಲೇಖನವೇ ಬೇಡ ಎಂದವರು ಸ್ವತಃ ಬುರುಲಕ್ಕ.

ಕಾರಾ-ಜಾರ್ ಎಂಬ ಹಳ್ಳಿಯ ಮಕ್ಕಳು ಶಾಲೆಗೆ ಹೋಗಲು ಹೊಳೆ ದಾಟಬೇಕಿತ್ತು. ಕಾಲುಸೇತುವೆಗಾಗಿ ಮನೆಮನೆ ಅಲೆದು ಜನರನ್ನು ಕೂಡಿಸಿದವರು ಕಲ್ಬುಬು ಎಂಬ ವಿಧವೆ. ತರಗತಿಯ ಅಭ್ಯಾಸಕ್ಕೆಂದು ಹೋದ ನಾವು ಕೆಲವು ದಿನ ಕಲ್ಲು ಹೊತ್ತು, ಕೈ ಬೊಬ್ಬೆಯೆದ್ದೊಡನೆ ಬಸ್ಸು ಹತ್ತಿ ಮರಳಿದ್ದೆವು. ಉದ್ಘಾಟನೆಯ ದಿನ ಮಾತ್ರ ಮುಂದಿನ ಕಂಬಳಿಯ ಮೇಲೆ ಕುಳಿತವರು ನಾವೇ. ಹಳ್ಳಿಯ ಹೆಂಗಸರು ಹಿಂದೆ, ಮಾಂಸ ಬೇಯುವ ಕಡಾಯಿಗಳ ಹೊಗೆಯಲ್ಲಿದ್ದರು. ಜಿಲ್ಲೆಯ ಅಧಿಕಾರಿ, ಇದೆಲ್ಲ ಯಾರ ಶ್ರಮ ಎಂದು ಕೇಳಿದಾಗ ಬುರುಲಕ್ಕ ಎದ್ದು ನಿಂತು, "ನಮ್ಮ ವಿದ್ಯಾರ್ಥಿಗಳದ್ದು" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಚಹಾ ತಂದ ಕಲ್ಬುಬು ಮೊದಲ ಬಟ್ಟಲನ್ನು ಅವರ ಮುಂದಿಟ್ಟು, "ಕುಡಿ ತಂಗಿ, ದಣಿದಿದ್ದೀಯ" ಎಂದರು. ಬುರುಲಕ್ಕನ ಮುಖ ಕೆಂಪಾಯಿತು. ನಾವು ತಲೆಯೆತ್ತಲಿಲ್ಲ. ಮಾಂಸ ಬಂತು, ನಮ್ಮ ತಟ್ಟೆಗಳು ತುಂಬಿದಂತೆಯೇ ಮರಳಿದವು.

ಮುಂದಿನ ವಾರ ನನ್ನನ್ನು ಕರೆದುಕೊಂಡು ಅವರು ಕಲ್ಬುಬು ಅವರ ಮನೆಗೆ ಹೋದರು. ಅಡುಗೆಮನೆಯಲ್ಲಿ ಕುಳಿತು ತಮ್ಮಿಂದ ತಪ್ಪಾಯಿತೆಂದು ಕ್ಷಮೆ ಕೇಳಿದರು. ಆಕೆ ಎಣ್ಣೆಯಲ್ಲಿ ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಲೇ ಇದ್ದರು.

"ಅವತ್ತು ಮಾತಾಡಿದ್ದು ಊರೆಲ್ಲ ಕೇಳೋ ಹಾಗೆ. ಇವತ್ತು ಒಲೆ ಮುಂದೆ ಬಂದು ಪಿಸುಗುಟ್ತೀಯಲ್ಲ ತಂಗಿ, ಇದನ್ನ ಯಾರು ಕೇಳಿಸಿಕೋಬೇಕು? ಈ ಬಾಣಲೆನಾ?"

ಮುಂದೆ ಜಿಲ್ಲಾ ಸಭೆ ಸೇರಿದಾಗ ಬುರುಲಕ್ಕ, ತಮ್ಮ ವಿಭಾಗವನ್ನು ಹೊಗಳಿ ಅಧಿಕಾರಿ ಮಾತು ಮುಗಿಸುವುದನ್ನೇ ಕಾದು ಎದ್ದು ನಿಂತರು. "ಆ ಸೇತುವೆ ಕಾರಾ-ಜಾರ್ ಹೆಂಗಸರದ್ದು. ನಮ್ಮದು ಅಂತ ನಾನು ಸುಳ್ಳು ಹೇಳಿದೆ" ಎಂದರು. ಮುಜುಗರಕ್ಕೊಳಗಾದ ಅಧಿಕಾರಿ ಅದನ್ನು ಮರೆಯಲಿಲ್ಲ. ಬುರುಲಕ್ಕನಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಕಿರಿಯರೊಬ್ಬರ ಪಾಲಾಯಿತು. ನಿವೃತ್ತಿಯವರೆಗೂ ಅವರು ಸಾಮಾನ್ಯ ಅಧ್ಯಾಪಕಿಯಾಗಿಯೇ ಉಳಿದರು. ಸಭೆಯ ಸುದ್ದಿ ಕೇಳಿದ ಕಲ್ಬುಬು ಹೊಗಳಲಿಲ್ಲ. ಮುಂದಿನ ವರ್ಷ ಕಾಲೇಜಿಗೆ ಬಂದು ನಮ್ಮ ತರಗತಿಯಲ್ಲಿ ಮಾತಾಡಿದರು, ಅಷ್ಟೇ. ಬುರುಲಕ್ಕ ಅಂದು ಕೊನೆಯ ಬೆಂಚಿನಲ್ಲಿ ನಮ್ಮ ನಡುವೆ ತಲೆ ತಗ್ಗಿಸಿ ಕುಳಿತಿದ್ದರು. ಆ ತಗ್ಗಿದ ತಲೆಯನ್ನು ನೆನೆದರೆ ನನ್ನ ಮುಖ ಇಂದಿಗೂ ಬಿಸಿಯಾಗುತ್ತದೆ. ಸಂಘಟನೆಯ ಪಾಠ ನನಗೆ ಹತ್ತಿದ್ದೂ ಆಗಲೇ.

ಈ ಬೇಸಿಗೆಯಲ್ಲಿ ಕಾರಾ-ಜಾರ್ ಶಾಲೆಯ ಮಾಡು ಬದಲಿಸುವ ಕೆಲಸವಿದೆ. ಕಲ್ಬುಬು ಬುರುಲಕ್ಕನನ್ನು ಕರೆಸಿಕೊಂಡಿದ್ದಾರೆ: ಭಾಷಣಕ್ಕಲ್ಲ, ಕೆಲಸಗಾರರ ರೊಟ್ಟಿಗೆ ಹಿಟ್ಟು ನಾದಲು. ಆ ಕರೆ ಬಂದ ದಿನ ಅವರಲ್ಲಿ ಕಂಡ ಸಂತೋಷವನ್ನು ಯಾವ ಸನ್ಮಾನದಲ್ಲೂ ನಾನು ಕಂಡಿಲ್ಲ. ಅವರ ತೋಳುಗಳಿಗೆ ಬಲವಿರಲಿ, ಆಯಸ್ಸು ದೀರ್ಘವಾಗಲಿ, ಆ ಹೆಂಗಸರ ಸಾಲಿನಲ್ಲಿ ಅವರ ಜಾಗ ಬಹುಕಾಲ ತೆರವಾಗದಿರಲಿ.