ಅತ್ತೆ ಮಡಕಶಿರಾಕ್ಕೆ ಹೋದ ದಿನ

ಪಾವಗಡದ ನಮ್ಮ ಬೀದಿಗೆ ಆಗಿನ್ನೂ ಕರೆಂಟು ಹೊಸದು. ಬಂದದ್ದೂ ದಿನಕ್ಕೆ ನಾಲ್ಕು ಸಲ ಹೋಗಿಬಿಡುತ್ತಿತ್ತು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನನ್ನ ಸೋದರತ್ತೆ ಶಿವಮ್ಮ ಅಂಚೆಯಲ್ಲಿ ಬರುವ ಪಾಠಗಳನ್ನು ಓದಿ ರೇಡಿಯೋ ರಿಪೇರಿ ಕಲಿತಿದ್ದರು. ಪಡಸಾಲೆಯಲ್ಲಿ ನಮ್ಮನ್ನು, ಐದು ಜನ ಹುಡುಗಿಯರನ್ನು, ಕೂರಿಸಿಕೊಂಡು ಅದನ್ನೇ ಹೇಳಿಕೊಡುತ್ತಿದ್ದರು. ಬೆಸುಗೆಯ ಹೊಗೆಯೂ ಹುರಿದ ಕಡಲೆಕಾಯಿಯ ವಾಸನೆಯೂ ಬೆರೆತು ಮೂಗಿಗೆ ಹತ್ತುತ್ತಿದ್ದವು. ಪಾಠ ಮುಗಿದರೆ ಅದೇ ನೆಲದ ಮೇಲೆ ಚೌಕಾಬಾರ.

"ಹೆಣ್ಮಕ್ಳ ಕೈಗೆ ಕರೆಂಟ್ ಕೊಟ್ಟವ್ಳೆ, ಒಂದಿನ ಐತೆ ಗ್ರಾಚಾರ" ಎಂದು ಬೀದಿಯವರು ಆಡುವುದು ನಮಗೂ ಕೇಳಿಸುತ್ತಿತ್ತು. ಅತ್ತೆ ಲೆಕ್ಕಿಸಲಿಲ್ಲ. ರಾಜ್ಯದ ಗಡಿಯಾಚೆಯ ಮಡಕಶಿರಾದಲ್ಲಿ ಅಂಗಡಿ ತೆರೆದು, ತಾವು ಕಲಿಸಿದವರನ್ನೇ ಅಲ್ಲಿ ಕೆಲಸಕ್ಕೆ ಕೂರಿಸಬೇಕೆಂಬ ಆಸೆ ಅವರದು. ಮೊದಲು ಹೋಗಬೇಕಾದವಳು ಈರಕ್ಕ. ಕುರಿ ಕಾಯುವವರ ಮನೆಯ ಹುಡುಗಿ, ನನಗಿಂತ ಮೂರು ವರ್ಷ ದೊಡ್ಡವಳು, ನಮ್ಮೆಲ್ಲರಲ್ಲಿ ಚುರುಕಾದವಳು.

ಆಷಾಢದ ಒಂದು ಬೆಳಿಗ್ಗೆ ಅಂಗಡಿ ಗೊತ್ತುಮಾಡಲು ಅತ್ತೆ ಬಸ್ಸು ಹತ್ತಿದರು. "ನಾನ್ ಬರೋಗಂಟ ಕರೆಂಟಿನ ಸೆಟ್ ಮುಟ್ಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಲೇ ಇತ್ತು. ಮಧ್ಯಾಹ್ನ ಕರೆಂಟು ಹೋಯಿತು. ಅತ್ತೆ ಬರುವುದರೊಳಗೆ ಕರೆಂಟಿನ ಆ ದೊಡ್ಡ ರೇಡಿಯೋ ಸರಿಮಾಡೋಣವೆಂದು ನಾನೇ ಈರಕ್ಕನ ಬೆನ್ನುಬಿದ್ದೆ. ಬೇಡಬೇಡವೆಂದವಳು ಕೊನೆಗೆ ಸ್ಕ್ರೂ ಬಿಚ್ಚಿದಳು.

"ಪ್ಲಗ್ ಕಿತ್ತಿದ್ದೀಯೇನೇ?"

ಎದ್ದು ಹೋಗಲು ನನಗೆ ಸೋಮಾರಿತನ. "ಊಂ, ಕಿತ್ತಿವ್ನಿ" ಎಂದುಬಿಟ್ಟೆ.

ಬೀದಿಯ ಕೊನೆಯ ಹಿಟ್ಟಿನ ಮಿಲ್ಲು ಇದ್ದಕ್ಕಿದ್ದಂತೆ ಗುರುಗುಟ್ಟಿತು. ಕರೆಂಟು ಬಂತೆಂದು ನಾನು ತಲೆಯೆತ್ತುವಷ್ಟರಲ್ಲಿ ಈರಕ್ಕ ಗೋಡೆಗೆ ಬಡಿದು ಬಿದ್ದಿದ್ದಳು. ಮಾಂಸ ಸುಟ್ಟ ವಾಸನೆ. ಜನ ನುಗ್ಗಿಬಂದು ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಆ ಗದ್ದಲದಲ್ಲಿ ನಾನು ಮೆಲ್ಲಗೆ ಪ್ಲಗ್ ಕಿತ್ತು ನೆಲದ ಮೇಲಿಟ್ಟೆ.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಸಂಜೆ ಬಸ್ಸಿಳಿದ ಅತ್ತೆಯ ಮುಂದೆಯೇ ಈರಕ್ಕನ ತಾಯಿ ಪಡಸಾಲೆಗೆ ಬಂದು ಮಗಳ ಸ್ಲೇಟು ಎತ್ತಿಕೊಂಡು ಹೋದಳು. ಮರುದಿನದಿಂದ ಉಳಿದವರೂ ಬರಲಿಲ್ಲ. ತಾನು ಹೋಗಬಾರದಿತ್ತು ಎಂದು ಅತ್ತೆ ಎಷ್ಟೋ ದಿನ ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಅಂಗಡಿ ತೆರೆಯಲೇ ಇಲ್ಲ.

ಈಗ ಗಡಿಯ ಎರಡೂ ಕಡೆ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಿ, ಅವರದೇ ಅಂಗಡಿ ಹಾಕಲು ನೆರವಾಗುವ ಸಂಸ್ಥೆ ನಡೆಸುತ್ತಿದ್ದೇನೆ. ಸಭೆಗಳಲ್ಲಿ ಅತ್ತೆಯ ಹೆಸರು ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ. ತಡೆಯಲಾಗದೆ ಒಮ್ಮೆ ಈರಕ್ಕನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಎಡಗೈಯಲ್ಲಿ ಮುದ್ದೆ ತಿರುವುತ್ತಿದ್ದ ಅವಳು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಿತ್ತು ಕಣೇ. ಯೋಳಿದ್ರೆ ನಿನ್ ಓದೂ ನಿಂತೋಗ್ತಿತ್ತು."

ನನ್ನ ಓದು ನಿಲ್ಲಲಿಲ್ಲ. ಆದರೆ ತನ್ನಿಂದಲೇ ಒಂದು ಮಗುವಿನ ಕೈ ಹೋಯಿತೆಂದು ನಂಬಿಕೊಂಡೇ ಅತ್ತೆ ನಾನು ಒಪ್ಪಿಕೊಳ್ಳುವ ಹಿಂದಿನ ವರ್ಷವೇ ಕಣ್ಣುಮುಚ್ಚಿದ್ದರು.