ಇಪ್ಪತ್ತೈದು ಪದದ ಕಾಗದ

ನಮ್ಮ ಕಾಕಾ ಹಾವೇರಿಯಲ್ಲಿ ಕಾನೂನು ಪಾಠ ಹೇಳುತ್ತಿದ್ದರು. ಯುದ್ಧದಲ್ಲಿ ಸಿಕ್ಕಿಬಿದ್ದ ಜನಸಾಮಾನ್ಯರ ಹಕ್ಕುಗಳ ಬಗ್ಗೆ ಅವರು ಬರೆದ ದಪ್ಪ ಪ್ರಬಂಧ, ಬ್ಯಾಡಗಿಯ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಕೂತಿತ್ತು. ಇಟ್ಟವಳು ನಾನೇ. ಪಕ್ಕದೂರು ಕದರಮಂಡಲಗಿಗೆ ಯಾವ ಬಸ್ಸು ಹೋಗುತ್ತದೆಂದು ತಿಳಿಯದವರು ಜಗತ್ತಿಗೆ ದಾರಿ ತೋರಿಸುತ್ತಾರೆ ಎಂದು ಬೆನ್ನ ಹಿಂದೆ ನಗುತ್ತಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ನಾಲಿಗೆ ತುಸು ಉದ್ದವೇ ಇತ್ತು.

ಕುವೈತಿನಲ್ಲಿ ಯುದ್ಧ ಹತ್ತಿದಾಗ ದುಡಿಯಲು ಹೋಗಿದ್ದ ಪಕ್ಕದ ಮನೆಯ ದರ್ಜಿ ಅಲ್ಲೇ ಸಿಕ್ಕಿಕೊಂಡ. ಇಲ್ಲಿ ಅವನ ಹೆಂಡತಿ ಹೆಣ್ಣು ಹೆತ್ತಳು. ಅವನು ಬದುಕಿದ್ದಾನೋ ಇಲ್ಲವೋ ಹೇಳುವವರಿಲ್ಲ. ಹಾಕಿದ ಕಾಗದಕ್ಕೆ ಉತ್ತರವಿಲ್ಲ. ಅವನ ತಾಯಿ ದಿನಾ ಅಂಚೆಯವನ ದಾರಿ ಕಾಯುತ್ತ ಕಟ್ಟೆಯ ಮೇಲೆ ಕೂರುತ್ತಿದ್ದಳು.

ವಿಷಯ ಕೇಳಿದ ಕಾಕಾ ಬಂದವರೇ ಪ್ರಬಂಧ ಎಲ್ಲಿ ಎಂದರು. ಎಣ್ಣೆಯ ಕಲೆ ಒರೆಸಿ ಹಾಳೆ ತಿರುವಿದರು. ಯುದ್ಧದ ನಾಡಿನಲ್ಲಿ ಸಿಕ್ಕವರಿಗೆ ಮನೆಯ ಸುದ್ದಿ ಮುಟ್ಟಲೇಬೇಕು, ಟಪಾಲು ನಿಂತರೆ ಇಪ್ಪತ್ತೈದು ಪದದ ನಮೂನೆಯಲ್ಲಾದರೂ ಮುಟ್ಟಬೇಕು ಎಂದು ಯಾವ್ಯಾವುದೋ ದೇಶದ ಪಂಡಿತರು ವಾದಿಸಿ ಒಪ್ಪಂದದಲ್ಲಿ ಸೇರಿಸಿದ್ದರಂತೆ. ಕಾಕಾ ಎಲ್ಲೆಲ್ಲಿಗೋ ಬರೆದು ಆ ನಮೂನೆ ತರಿಸಿದರು.

ಬರೆಯಲು ಕೂತವಳು ನಾನು. ಕಾಗದವೆಂದ ಮೇಲೆ ಮನೆಮಂದಿಯ ಸಲಾಮು ಮೊದಲು ಬರಬೇಕು, ಒಬ್ಬರನ್ನು ಬಿಟ್ಟರೂ ಮುನಿಸು. ತಾಯಿ, ಅಕ್ಕ, ಮಾವ, ಓಣಿಯ ಹಿರಿಯರು ಎಂದು ಬರೆಯುತ್ತ ಹೋದರೆ ಸಲಾಮಿಗೇ ಪದಗಳು ಮುಗಿದವು, ಕೂಸಿನ ಸುದ್ದಿಗೆ ಜಾಗವಿಲ್ಲ. ಕಾಕಾ ಪೆನ್ಸಿಲಿನಿಂದ ಒಂದೊಂದೇ ಹೊಡೆದುಹಾಕಿದರು. ತಾಯಿಯ ಸಲಾಮಿಗೆ ಬಂದಾಗ ಕೈ ತಡೆಯಿತು.

"ನಂದೂ ತೆಗೀರಿ," ಎಂದಳು ಮುದುಕಿ. "ಕೂಸಿಂದು ಬರೀರಿ."

ಎರಡು ತಿಂಗಳಿಗೆ ಅವನ ಉತ್ತರ ಬಂತು. ಎಲ್ಲರೂ ಸೇರಿದ್ದರು, ನಾನೇ ಗಟ್ಟಿಯಾಗಿ ಓದಿದೆ: "ನಾ ಆರಾಮ ಅದೇನಿ. ಮಗಳು ಹುಟ್ಟಿದ್ದು ಖುಷಿ ಆತು. ಅಮ್ಮಿ ಸಲಾಮು ಯಾಕಿಲ್ಲ? ಮುಚ್ಚಿಡಬ್ಯಾಡ್ರಿ. ಅಮ್ಮಿ ಅದಾಳೋ, ಇಲ್ಲೋ?"

ಅಯ್ಯೋ, ಯಾರದು ಬಿಟ್ಟರೂ ತಾಯಿಯ ಸಲಾಮು ಬಿಡುವ ಪದ್ಧತಿಯಿಲ್ಲ, ಅದು ಕಾಣದೆ ಅವನು ತಾಯಿ ಸತ್ತಳೆಂದೇ ತಿಳಿದಿದ್ದ! ಗುಂಡಿನ ಸದ್ದಿನ ನಡುವೆ, ಬದುಕಿದ್ದ ತಾಯಿಗಾಗಿ ಎಷ್ಟು ಅತ್ತಿದ್ದನೋ. ಪದ ಎಣಿಸಿಟ್ಟ ಪಂಡಿತರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಕಾಗದ ಬರೆಯುವುದನ್ನು ಮಕ್ಕಳಿಗೆ ಕಲಿಸುವವಳು ನಾನು, ನನಗಾದರೂ ಹೊಳೆಯಬೇಕಿತ್ತು. ಆದರೆ ಆ ಪಂಡಿತರು ಇಲ್ಲದಿದ್ದರೆ ಈ ಉತ್ತರವೂ ಇರುತ್ತಿರಲಿಲ್ಲ.

ಕಾಕಾ ಸಪ್ಪಗಾದರು. ಇಷ್ಟೆಲ್ಲ ಓದಿಯೂ ಇದೊಂದು ತಿಳಿಯಲಿಲ್ಲ ಎಂದು ಒಪ್ಪಿಕೊಂಡು, ಇನ್ನೊಂದು ನಮೂನೆ ತೆಗೆದು, ತಾವೇ ಪೆನ್ನು ಹಿಡಿದು ಮುದುಕಿಯ ಮುಂದೆ ನೆಲಕ್ಕೆ ಕೂತರು.

"ಇಪ್ಪತ್ತೈದೂ ಪದ ನಿನ್ನವ ಅವ್ವಾ, ಹೇಳು."

ಮುದುಕಿ ಕಣ್ಣೊರೆಸಿಕೊಂಡಳು. "ಅಮ್ಮಿಯ ಸಲಾಮು. ನಾ ಅದೇನಿ, ಮಗಾ."

ಕಾಕಾ ಬರೆದು ಕಾದರು. ಇನ್ನೂ ಇಪ್ಪತ್ತು ಉಳಿದಿವೆ ಎಂದು ನೆನಪಿಸಿದರು.

"ಸಾಕ್ರಿ," ಎಂದಳು. "ಉಳಿದದ್ದು ಬ್ಯಾರೆ ಯಾರದರೆ ತಾಯಿಗೆ ಕೊಡ್ರಿ."