ಮೇಜಿನ ಮೇಲೆ ಬೀಳುತ್ತಿದ್ದ ಏಟು

ಹೋದ ಭಾನುವಾರ ಮಗಳು ಜಯನಗರ ನಾಲ್ಕನೇ ಬ್ಲಾಕಿನಿಂದ ಒಂದು ಮರದ ಸ್ಕೇಲು ತಂದಳು. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮಕ್ಕಳಿಗೆ ಅವಳು ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಾಳೆ. ಕವರು ಬಿಚ್ಚಿದೊಡನೆ ಹೊಸ ವಾರ್ನಿಷಿನ ವಾಸನೆ ಬಂತು. ತಮಾಷೆಗೆ ಅದನ್ನು ಊಟದ ಮೇಜಿನ ಮೇಲೆ ಫಟ್ಟೆಂದು ಬಡಿದು, "ಸೈಲೆನ್ಸ್" ಎಂದಳು. ನನ್ನ ಎರಡೂ ಕೈಗಳು ಆಗಲೇ ಮೇಜಿನ ಕೆಳಗಿದ್ದವು.

"ಯಾಕಪ್ಪಾ, ಹೆದರ್ಕೊಂಡ್ಯಾ?" ಎಂದು ನಕ್ಕಳು.

ಅದೇ ಮೇಜಿನ ಮೇಲೆ ಒಂದು ವಾರದಿಂದ ಅವಳ ಬಿ.ಎಡ್. ಅರ್ಜಿ ಬಿದ್ದಿತ್ತು. ಪೋಷಕರ ಸಹಿಯ ಜಾಗ ಖಾಲಿ. ಈಗಿನ ಕಾಲದಲ್ಲಿ ಮೇಷ್ಟ್ರ ಕೆಲಸ ಯಾರಿಗೆ ಬೇಕು, ಸಂಬಳವಿಲ್ಲ, ಮರ್ಯಾದೆಯಿಲ್ಲ ಎಂದು ಎಲ್ಲರೂ ಹೇಳುವುದನ್ನೇ ನಾನೂ ಹೇಳಿ ದಿನ ತಳ್ಳುತ್ತಿದ್ದೆ. ನನ್ನ ನಿಜವಾದ ಕಾರಣ ಬೇರೆ ಇತ್ತು. ಆ ಕಾರಣವಾಗಿದ್ದವರು ತೀರಿಕೊಂಡು ಇನ್ನೂ ಹದಿನೈದು ದಿನ ಆಗಿರಲಿಲ್ಲ.

ನಾನು ಬನಶಂಕರಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಅವರು ನಮ್ಮ ಲೆಕ್ಕದ ಮಿಸ್. ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಒಂದು ಮರದ ಸ್ಕೇಲು. ಆ ಕಾಲದಲ್ಲಿ ಹೊಡೆಯದ ಟೀಚರನ್ನು ಯಾರೂ ಟೀಚರೆಂದು ಒಪ್ಪುತ್ತಿರಲಿಲ್ಲ. "ಕಣ್ಣೆರಡು ಬಿಟ್ಟು ಎಲ್ ಬೇಕಾದ್ರೂ ಬಾರ್ಸಿ ಮಿಸ್" ಎಂದು ಅಪ್ಪಂದಿರೇ ಹೇಳಿ ಹೋಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಹೆಡ್ ಮಿಸ್ಸಿಗೂ ಗೋಡೆಯಾಚೆಯಿಂದ ಏಟಿನ ಸದ್ದು ಕೇಳಿದರೇ ಸಮಾಧಾನ.

ನಮ್ಮ ಮಿಸ್ಸಿಗೆ ಹೊಡೆಯಲು ಬರುತ್ತಿರಲಿಲ್ಲ. ಅದಕ್ಕೆ ಅವರೊಂದು ಉಪಾಯ ಮಾಡಿಕೊಂಡಿದ್ದರು. ಹೋಮ್‌ವರ್ಕ್ ತರದವನನ್ನು ಮುಂದೆ ಕರೆದು, ಕಣ್ಣು ಕೆಂಪಗೆ ಮಾಡಿ, ಸ್ಕೇಲನ್ನು ಬೀಸಿ ಮೇಜಿಗೆ ಬಾರಿಸುತ್ತಿದ್ದರು. ಅವನು "ಅಯ್ಯೋ ಮಿಸ್, ಸತ್ತೆ" ಎಂದು ಕಿರುಚಬೇಕು. "ಇನ್ನೂ ಜೋರಾಗಿ ಸಾಯೋ, ಪಕ್ಕದ ರೂಮಿಗೆ ಕೇಳಿಸ್ಲಿಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದರು. ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆವು. ವರ್ಷವಿಡೀ ಒಂದು ಏಟೂ ಯಾರ ಮೈಗೂ ಬೀಳಲಿಲ್ಲ. ಇಡೀ ಶಾಲೆಯಲ್ಲಿ ಮಾತ್ರ ಅವರು ಮಹಾ ಹೊಡೆಯುವ ಮಿಸ್...

ನನಗೆ ನಿಜವಾದ ಏಟು ಗೊತ್ತಿತ್ತು. ನಮ್ಮಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದ. ಕಾರಣ ಬೇಕಿರಲಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾದರೂ ನನ್ನ ಬೆನ್ನೇ. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಮಾಡಲು ಕೈಯೆತ್ತಿದಾಗ ಅಂಗಿ ಮೇಲೆ ಸರಿಯಿತು. ಮಿಸ್ ಬಾಸುಂಡೆ ನೋಡಿದರು. ಆ ದಿನ ಅವರು ಮೇಜಿಗೂ ಹೊಡೆಯಲಿಲ್ಲ. ಮನೆಗೆ ಹೋಗುವಾಗ ನನ್ನ ಡೈರಿಯಲ್ಲಿ ಎರಡು ಸಾಲು ಬರೆದರು: ಮಗುವಿನ ಬೆನ್ನಿನ ಮೇಲೆ ಏಟಿನ ಗುರುತುಗಳಿವೆ, ದಯವಿಟ್ಟು ಬಂದು ಕಾಣಿರಿ. ಡೈರಿಗೆ ಅಪ್ಪನ ಸಹಿ ಹಾಕಿಸಿ ತರುವುದು ನಮ್ಮ ಶಾಲೆಯ ನಿಯಮ. ನಾನೇ ಅದನ್ನು ಒಯ್ದು ಅವನ ಕೈಗೆ ಕೊಟ್ಟೆ. ಅವನು ಮೊದಲು ಸಹಿ ಹಾಕಿದ. ಆಮೇಲೆ ಬೆಲ್ಟು ತೆಗೆದ.

ಮಾರನೆಯ ದಿನ ಮೂರನೇ ಪೀರಿಯಡ್ಡಿನಲ್ಲಿ ಅಪ್ಪ ನೇರ ಕ್ಲಾಸಿನೊಳಗೇ ಬಂದು ಬಾಗಿಲಿನ ಚಿಲಕ ಹಾಕಿದ.

"ನನ್ ಮಗನ ಮೈ ನೋಡಿ ನನಗೇ ಚೀಟಿ ಕಳಿಸ್ತೀಯೇನೇ?"

ಮಿಸ್ ಏನೋ ಹೇಳಲು ಹೊರಟರು. ಅವನು ಅವರ ಬಲಗೈ ಮಣಿಕಟ್ಟನ್ನು ಹಿಡಿದು ಮೇಜಿಗೆ ಅದುಮಿದ. ಮೇಜಿನ ಮೇಲಿದ್ದ ಸ್ಕೇಲನ್ನೇ ಎತ್ತಿ, ಅಂಚು ತಾಗುವಂತೆ ಬೆರಳುಗಳ ಮೇಲೆ ಹೊಡೆದ. ಮರ ಮರಕ್ಕೆ ಬಡಿದ ಸದ್ದು ನಮಗೆಲ್ಲ ಗೊತ್ತಿತ್ತು. ಇದು ಆ ಸದ್ದಲ್ಲ. ಎರಡನೆಯ ಏಟಿಗೆ ಒಳಗೇನೋ ಲಟಕ್ಕೆಂದಿತು. ಮೂರನೆಯದಕ್ಕೆ ಸ್ಕೇಲು ಮುರಿಯಿತು. ಅವನು ಜಡೆ ಹಿಡಿದು ಅವರ ಮುಖವನ್ನು ಕಪ್ಪುಹಲಗೆಗೆ ಗುದ್ದಿದ. ಕನ್ನಡಕದ ಗಾಜು ಹುಬ್ಬಿಗೆ ಚುಚ್ಚಿಕೊಂಡು, ಆಗ ತಾನೇ ಬರೆದಿದ್ದ ಭಿನ್ನರಾಶಿಯ ಮೇಲೆ ರಕ್ತ ಇಳಿಯಿತು. ಮಕ್ಕಳೆಲ್ಲ "ಅಯ್ಯೋ ಮಿಸ್, ಅಯ್ಯೋ ಮಿಸ್" ಎಂದು ಕಿರುಚಿದರು.

ಯಾರೂ ಬರಲಿಲ್ಲ. ಗೋಡೆಯಾಚೆಯೇ ಇದ್ದ ಹೆಡ್ ಮಿಸ್, "ದಿನಾ ಇರೋದೇ ಅಂದ್ಕೊಂಡೆ" ಎಂದು ಆಮೇಲೆ ಹೇಳಿದರಂತೆ. ಕಿರುಚಾಟ ನಿಂತು ಕ್ಲಾಸು ತೀರಾ ಸುಮ್ಮನಾದಾಗಲೇ ಅವರಿಗೆ ಅನುಮಾನ ಬಂದು ಬಾಗಿಲು ಬಡಿದದ್ದು.

ಚಿಲಕ ತೆಗೆದ ಅಪ್ಪ ನನ್ನ ಅಂಗಿಯನ್ನು ಎತ್ತಿ ಹಿಡಿದ. "ನೋಡಿ ಮೇಡಂ, ನಿಮ್ಮ ಟೀಚರ್ ಮಾಡಿರೋ ಕೆಲ್ಸ."

ಹೆಡ್ ಮಿಸ್ ಬಗ್ಗಿ ನನ್ನನ್ನು ಕೇಳಿದರು. "ಯಾರಪ್ಪ ಹೊಡೆದಿದ್ದು? ಹೆದರ್ಬೇಡ, ತೋರ್ಸು."

ಅಪ್ಪನ ಕೈ ನನ್ನ ಕತ್ತಿನ ಮೇಲಿತ್ತು. ಹೆಬ್ಬೆರಳು ಮೆಲ್ಲಗೆ ಒತ್ತುತ್ತಿತ್ತು. ನಾನು ಬೆರಳು ಎತ್ತಿ ಮಿಸ್ಸನ್ನು ತೋರಿಸಿದೆ. ಮೂವತ್ತೈದು ಮಕ್ಕಳಿದ್ದ ಕ್ಲಾಸು, ಎಲ್ಲರಿಗೂ ಸತ್ಯ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಮಿಸ್ ಸೆರಗಿನಲ್ಲಿ ಹುಬ್ಬು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಸಿಟ್ಟಿತ್ತೋ ಇಲ್ಲವೋ... ನಾನು ತಲೆ ಎತ್ತಲಿಲ್ಲ. ಶಾಲೆಯ ಹೆಸರು ಕೆಡುತ್ತದೆಂದು ಪೊಲೀಸರಿಗೆ ಯಾರೂ ಹೇಳಲಿಲ್ಲ. ಸೋಮವಾರದಿಂದ ನಮಗೆ ಬೇರೆ ಮಿಸ್ ಬಂದರು. ಅವರು ನಿಜವಾಗಿಯೂ ಹೊಡೆಯುತ್ತಿದ್ದರು.

ಅಪ್ಪ ಸತ್ತ ಎಷ್ಟೋ ವರ್ಷಗಳ ಮೇಲೆ, ಒಮ್ಮೆ ಕತ್ರಿಗುಪ್ಪೆಯ ತರಕಾರಿ ಅಂಗಡಿಯ ಮುಂದೆ ಅವರು ಸಿಕ್ಕರು. ಬೀನ್ಸ್ ಆರಿಸುತ್ತಿದ್ದ ಕೈಯ ತೋರುಬೆರಳು ಮಡಚುತ್ತಿರಲಿಲ್ಲ. ಅವರೇ ಗುರುತು ಹಿಡಿದರು.

"ಕಿಟಕಿ ಪಕ್ಕ ಕೂರ್ತಿದ್ದವ್ನು ಅಲ್ವೇನೋ?"

ಹಿಂದಿನ ಬೀದಿಯಲ್ಲೇ ಮನೆ, ಇಷ್ಟು ವರ್ಷವೂ ಟ್ಯೂಷನ್ ಹೇಳಿಕೊಂಡೇ ಬಂದಿದ್ದೇನೆ ಎಂದರು. ಸೀಮೆಸುಣ್ಣವನ್ನು ನಡುಬೆರಳು, ಉಂಗುರಬೆರಳಿನ ಮಧ್ಯೆ ಹಿಡಿಯುವುದು ಅಭ್ಯಾಸವಾಗಿದೆಯಂತೆ.

"ಇಷ್ಟೆಲ್ಲ ಆದ್ಮೇಲೂ ಯಾಕ್ ಮಿಸ್ ಅದೇ ಕೆಲ್ಸ?"

"ಇನ್ನೇನ್ ಮಾಡ್ಲೋ, ಬರೋದು ಅದೊಂದೇ. ನಾನ್ ಮಾಡಿದ ಸಾರು ಮನೆಯವ್ರೂ ತಿನ್ನಲ್ಲ."

ನಾನು ಬಾಯಿ ತೆರೆದೆ. "ಮಿಸ್, ಆವತ್ತು ನಾನು..."

"ಸುಮ್ನಿರು. ಅವ್ನ ಜೊತೆ ಮನೆಗ್ ಹೋಗ್ಬೇಕಾಗಿದ್ದು ನೀನು, ನಾನಲ್ಲ." ಬೀನ್ಸನ್ನು ಚೀಲಕ್ಕೆ ಹಾಕುತ್ತ ಹೇಳಿದರು, "ತಪ್ಪು ನಂದೂ ಇದೆ ಕಣೋ. ಆ ಡೈರಿ ನಿನ್ನ ಕೈಲೇ ಕಳಿಸಿದ್ನಲ್ಲ. ಇವತ್ತಿಗೂ ಅದೇ ನೆನಪಾಗತ್ತೆ."

ಒಮ್ಮೆ ಮನೆಗೆ ಬರುತ್ತೇನೆ ಎಂದೆ. ಅವರ ಮನೆಯವರ ಮುಂದೆ ನಿಂತು, ನಿಮ್ಮಮ್ಮ ಯಾರನ್ನೂ ಹೊಡೆದವರಲ್ಲ, ಸುಳ್ಳು ಹೇಳಿದ್ದು ನಾನು ಎನ್ನಬೇಕೆಂದಿದ್ದೆ. ಜೆ.ಪಿ. ನಗರದಿಂದ ಕತ್ರಿಗುಪ್ಪೆ ಎಷ್ಟು ದೂರ... ಆಮೇಲಿನ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಲಾಗಲಿಲ್ಲ. ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ. ಬಾಗಿಲಲ್ಲಿ ಅವರ ಮಗ "ತಾವು?" ಎಂದು ಕೇಳಿದರು. "ಸ್ಟೂಡೆಂಟು" ಎಂದಷ್ಟೇ ಹೇಳಿ ಬಂದೆ.

ಆ ಭಾನುವಾರವೇ ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಕೇಳುತ್ತಲೇ ಅವಳು ಸ್ಕೇಲನ್ನು ನನಗೆ ಕಾಣದಂತೆ ಮಡಿಲಿಗೆ ಇಳಿಸಿಕೊಂಡಳು. ಮುಗಿದ ಮೇಲೆ ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದೆ. ಆ ಕೆಲಸ ಒಳ್ಳೆಯದು ಎಂದು ಹೇಳುವ ಧೈರ್ಯ ಈಗಲೂ ನನಗಿಲ್ಲ. ಆದರೆ ಬೇಡವೆಂದು ತಡೆಯುವವನು ನಾನಾಗಬಾರದು.

"ನನ್ ಕ್ಲಾಸಲ್ಲಿ ನಿನ್ ಥರದ ಹುಡುಗ ಇದ್ರೆ?" ಎಂದು ಕೇಳಿದಳು.

"ಡೈರೀಲಿ ಬರೀಬೇಡ. ಅವನ ಕೈಲಿ ಏನೂ ಕಳಿಸ್ಬೇಡ."

"ಆಮೇಲೆ ಅವನು ನನ್ನನ್ನೇ ತೋರ್ಸಿದ್ರೆ? ಮಾರನೇ ದಿನ ಹೆಂಗಪ್ಪ ಪಾಠ ಮಾಡೋದು?"

ಅದಕ್ಕೆ ಉತ್ತರ ಗೊತ್ತಿದ್ದವರು ನಾನು ಹೋಗದೇ ಉಳಿದ ಆ ನಾಲ್ಕು ವರ್ಷವೂ ಕತ್ರಿಗುಪ್ಪೆಯಲ್ಲೇ ಇದ್ದರು.